ಅಡ್ವೆಂಟ್ ಮಾಲೆಯ ಕೊಯ್ಲು

ಗೆಳೆಯರೇ, ಇವತ್ತು ಸಂಜೆ ರೋಸಮ್ಮ ನಮ್ಮ ಅಡ್ವೆಂಟ್ ಮಾಲೆಯನ್ನೇ ಕೊಯ್ಲು ಮಾಡಿಬಿಟ್ಟಳು.

ಕ್ರಿಸ್‌ಮಸ್‌ಗೆ ಸಿದ್ಧರಾಗುವ ಅಡ್ವೆಂಟ್ ವಾರಗಳಲ್ಲಿ ಸಂತೋಷದ ಭಾನುವಾರ ಇವತ್ತು. ಮಾಲೆಯಲ್ಲಿಟ್ಟ ಗುಲಾಬಿ ಬಣ್ಣದ ಮೇಣದಬತ್ತಿ ಹಚ್ಚಲು ಫಾದರ್ ನಮ್ಮ ಗಾಳಿಬೀಡಿನ ಮನೆಗೆ ಬರುವವರಿದ್ದರು. ಅವರು ಬೆರಗಾಗಲಿ ಎಂದೇ ಕೆಂಪು ಹಣ್ಣು ತುಂಬಿದ ಕಾಫಿ ರೆಂಬೆಗಳನ್ನು ಬಾಗಿಸಿ ಮಾಲೆ ಕಟ್ಟಿದ್ದೆ.

ಅವರು ಬರುವ ಮುಂಚೆ ಜಪಸರ ಶುರು ಮಾಡಿದೆವು. ನಮ್ಮ ತೋಟದಲ್ಲಿ ಕಾಫಿ ಹಣ್ಣು ಪಿಕಿಂಗ್ ಮಾಡುವ ರೋಸಮ್ಮ ಮಾಲೆಯ ಪಕ್ಕದಲ್ಲೇ ಕೂತಿದ್ದಳು. ಪ್ರಾರ್ಥನೆ ಮುಗಿದು ನಾನು ಕಣ್ಣು ಬಿಟ್ಟರೆ ಮಾಲೆಯಲ್ಲಿ ಬರೀ ಹಸಿರು ಕಾಯಿ. ಕೆಂಪು ಹಣ್ಣೆಲ್ಲ ಅವಳ ಮಡಿಲಲ್ಲಿ!

"ಏನೇ ಇದು ರೋಸಮ್ಮಾ?"

"ಅಯ್ಯೋ ಅಕ್ಕಾ, ಕೈ ತಾನಾಗೇ ಹೋಯ್ತು. ಕೆಂಪು ಬಿಡಬೇಡಿ, ಹಸಿರು ಮುಟ್ಟಬೇಡಿ ಅಂತ ವಾರವಿಡೀ ಕೂಗಿದ್ದು ನೀವೇ ಅಲ್ವಾ?"

ಅಷ್ಟರಲ್ಲಿ ಫಾದರ್ ಬಂದರು. ಮಾಲೆಯನ್ನು ದಿಟ್ಟಿಸಿ, "ಸ್ವಲ್ಪವೂ ಆಡಂಬರ ಇಲ್ಲ. ಆತ್ಮಸಿದ್ಧತೆ ಅಂದ್ರೆ ಹೀಗಿರಬೇಕು ನೋಡಿ," ಎಂದು ಎಲ್ಲರೆದುರು ನನ್ನನ್ನು ಹೊಗಳಿದರು. ರೋಸಮ್ಮ ಹಣ್ಣಿನ ಮೇಲೆ ಸೆರಗು ಮುಚ್ಚಿ, "ಆಮೆನ್" ಎಂದಳು.

ಹೊಗಳಿಕೆಯನ್ನು ನಾನು ತಲೆಬಾಗಿಸಿ ಸ್ವೀಕರಿಸಿದೆ. ಪಾಪನಿವೇದನೆಗೆ ಕ್ರಿಸ್‌ಮಸ್‌ವರೆಗೂ ಸಮಯವಿದೆಯಲ್ಲ.