ಬ್ರೇಕ್ ಮೇಷ್ಟ್ರ ಬಣ್ಣದ ಗೆರೆ

ಡ್ರೈವಿಂಗ್ ಸ್ಕೂಲಿನ ಬ್ರೇಕ್ ಮೇಷ್ಟ್ರು ಹಗಲೆಲ್ಲ ಕಲಿಯುವವರ ಪಕ್ಕದ ಸೀಟಿನಲ್ಲಿ ಕೂತು, ತಮ್ಮ ಕಾಲಡಿಯ ಇನ್ನೊಂದು ಬ್ರೇಕನ್ನು ಸದ್ದಿಲ್ಲದೆ ಒತ್ತುತ್ತಾರೆ. ಬೀಗುತ್ತ ಇಳಿಯುವ ಶಿಷ್ಯನಿಗೆ "ನಂದೇನಿಲ್ಲ, ಎಲ್ಲಾ ನೀವೇ ಓಡಿಸಿದ್ದು" ಎನ್ನುತ್ತಾರೆ. ಹೆಂಡತಿಗೆ ಕಾರು ಕಲಿಸಿದಾಗಲೂ ಇದೇ ಮಾತು. ಸಂಜೆ ಮನೆಯಲ್ಲಿ ಮಾತ್ರ ಅವರೇ ಶಿಷ್ಯ. ಊಟದ ಮೇಜಿಗೆ ಸ್ಟೀರಿಂಗ್ ಬಿಗಿದು, ಕೆಳಗೆ ಪೆಡಲ್ ಇಟ್ಟು, ಸೀಟ್ ಬೆಲ್ಟ್ ಇಲ್ಲವಲ್ಲ ಎಂದು ಎದೆಗೆ ಅಡ್ಡಲಾಗಿ ಟವೆಲ್ ಹಾಕಿಕೊಂಡು, ಕಂಪ್ಯೂಟರಿನ ರೇಸ್ ಟ್ರ್ಯಾಕಿಗೆ ಇಳಿಯುತ್ತಾರೆ. ಪರದೆಯ ರಸ್ತೆಯ ಮೇಲೆ ದಾರಿ ತೋರುವ ಗೆರೆಯೊಂದು ಮುಂದೆ ಮುಂದೆ ಓಡುತ್ತದೆ: ಹಸಿರಾದರೆ ನುಗ್ಗಬೇಕು, ಕೆಂಪಾದರೆ ಬ್ರೇಕ್ ಒತ್ತಬೇಕು. ಮೇಷ್ಟ್ರು ಆ ಗೆರೆ ದಾಟಿದವರಲ್ಲ. ಖಾಲಿ ಟ್ರ್ಯಾಕಿನಲ್ಲೂ ತಿರುವಿಗೆ ಮುಂಚೆ ಇಂಡಿಕೇಟರ್‌ಗೆ ತಡಕಾಡುತ್ತಾರೆ. ಪಕ್ಕದ ಕುರ್ಚಿಯಲ್ಲಿ ಬಟಾಣಿ ಸುಲಿಯುವ ಹೆಂಡತಿ "ಇನ್ನೂ ಆ ಗೆರೆ ಬೇಕೇನ್ರೀ?" ಎಂದು ಕೆಣಕಿದರೆ, "ಟ್ರ್ಯಾಕು ಬಾಯಿಪಾಠ ಆಗ್ಬೇಕು ಕಣೇ, ಅವಸರ ಮಾಡಬಾರದು" ಎನ್ನುತ್ತಾರೆ. ನಿನ್ನೆ ಮಾತ್ರ ರೋಷ ಬಂದು ಗೆರೆಯನ್ನು ಪರದೆಯಿಂದ ತೆಗೆದೇಬಿಟ್ಟರು. ಪಕ್ಕದವರ ಕಾಲಿನ ಮೇಲೊಂದು ಕಣ್ಣಿಡುವುದು ಅವರ ಕಸುಬಿನ ಚಾಳಿ. ತಿರುವು ಬಂದಾಗಲೆಲ್ಲ ಹೆಂಡತಿಯ ಪಾದ ಬರಿನೆಲವನ್ನು ಒತ್ತಿತು, ಮೇಷ್ಟ್ರಿಗೇ ಅರಿವಿಲ್ಲದೆ ಅವರ ಕಾಲು ಬ್ರೇಕ್ ಒತ್ತಿತು. ಒಮ್ಮೆಯೂ ಗೋಡೆಗೆ ಗುದ್ದದೆ ಸುತ್ತು ಮುಗಿಸಿ, "ನೋಡಿದ್ಯಾ, ಗೆರೆ ಗಿರೆ ಏನೂ ಇಲ್ಲ" ಎಂದು ಬೀಗಿದರು. ಆಕೆ ಪಾದ ಸಡಿಲಿಸಿ, ಬಟಾಣಿ ಬುಟ್ಟಿ ಎತ್ತಿಕೊಂಡು, "ನಂದೇನಿಲ್ಲಪ್ಪ, ಎಲ್ಲಾ ನೀವೇ ಓಡಿಸಿದ್ದು" ಎಂದು ಒಳಗೆ ಹೋದರು.