ಕಂಬಳಿಯೊಳಗೆ ತೋಳದ ಮರಿ

"ನಾಯಿ ಮರಿ ಅಲ್ರಿ ಡಾಕ್ಟರ್ ಸಾಬ್, ತ್ವಾಳದ ಮರಿ ಅದ" ಎನ್ನುತ್ತ ಕುರಿಗಾಹಿ ಕಲಾವತಿ ಕಂಬಳಿ ಬಿಡಿಸಿದಳು. ಔರಾದ್ ತಾಲ್ಲೂಕಿನ ಚಿಂತಾಕಿಯಲ್ಲಿ ಅವಳ ಕುರಿಗಳಿಗೆ ಲಸಿಕೆ ಹಾಕುತ್ತಿದ್ದ ನಾನು ಬೆಚ್ಚಿದೆ. ಬಿಲದ ಹೊರಗೆ ಸಿಕ್ಕ ಮರಿಯನ್ನು ನಾಯಿಗಳ ಜೊತೆ ಸಾಕುವ ಆಸೆ ಅವಳಿಗೆ.

ನಮ್ಮ ಬಯಲಿನ ತೋಳಗಳ ವಂಶ ಜಗತ್ತಿನ ತೋಳಗಳಲ್ಲೇ ಬಹಳ ಹಳೆಯದು, ನಾಯಿಗಳೊಂದಿಗೆ ಬೆರೆತರೆ ಆ ರಕ್ತ ಉಳಿಯುವುದಿಲ್ಲ ಎಂದೆ. ಅವಳು ಮರಿಯ ಬೆನ್ನು ಸವರಿದಳು. ಹೋದ ವಾರವಷ್ಟೇ ತೋಳ ಅವಳ ಗಬ್ಬದ ಕುರಿಯನ್ನು ಒಯ್ದಿತ್ತು.

"ಹಂಗಿದ್ರ ಅದರವ್ವನ ಬಲ್ಲಿ ಬಿಟ್ಟು ಬರಮು ನಡ್ರಿ" ಎಂದು ಎದ್ದಳು.

ಬಿಲದ ಬಾಯಲ್ಲಿ ಮರಿಯನ್ನಿಟ್ಟು ದೂರ ನಿಂತು ಕಾದೆವು. ಸಂಜೆ ತಾಯಿ ತೋಳ ಬಂದು ಅದನ್ನು ಕಚ್ಚಿಕೊಂಡು ಹೋಯಿತು. ಕಲಾವತಿ ಮಂದೆಗೆ ಮರಳಿ ಕುರಿಗಳ ಸುತ್ತ ಬಲೆ ಬಿಗಿಯತೊಡಗಿದಳು.

ತೋಳಗಳ ಹಳೆಯ ವಂಶದ ಬಗ್ಗೆ ಈಗಲೂ ಎಲ್ಲರಿಗೂ ಹೇಳುತ್ತೇನೆ. ಅದು ಉಳಿಯಬೇಕಾದರೆ ಕಲಾವತಿಯ ಕುರಿ ಹೋಗುತ್ತದೆ ಎಂಬುದನ್ನೂ ಸೇರಿಸಿಯೇ ಹೇಳುತ್ತೇನೆ.