ಥಿನ್ನರ್ ಗಾಳಿಯಿಂದ ಎದ್ದು ಬಂದ ಮಗ

ಕುರ್ಲಾ ಸ್ಟೇಷನ್ನಿನಲ್ಲಿ ಇಳಿದವಳೇ ಮಗ ಬಸವರಾಜನನ್ನು ತಬ್ಬಿಕೊಂಡೆ, ತಬ್ಬಿಕೊಂಡಷ್ಟೇ ಬೇಗ ಹಿಂದೆ ಸರಿದೆ. ಅವನ ಮೈಯಿಂದ ಬಂದದ್ದು ಬೆವರಿನ ವಾಸನೆಯಲ್ಲ, ಮೂಗಿಗೆ ಸೂಜಿ ಚುಚ್ಚುವಂಥ ಇನ್ನೇನೋ.

"ಥಿನ್ನರ್ ಅವ್ವಾ, ಬಣ್ಣ ತೆಳ್ಳಗ ಮಾಡೂದು," ಎಂದು ನಕ್ಕ. ಅವನು ಗ್ಯಾರೇಜಿನಲ್ಲಿ ಕಾರುಗಳಿಗೆ ಬಣ್ಣ ಹೊಡೆಯುತ್ತಾನೆ. ಸೊಸೆ ಸವಿತಾ ಬಸುರಿ, ಅವಳಿಗೆ ತಾಯಿಯಿಲ್ಲ. ಅದಕ್ಕೇ ನಾನು ವಿಜಯಪುರದ ಕಡೆಯ ಹಳ್ಳಿ ಬಿಟ್ಟು ಇಲ್ಲಿಗೆ ಬಂದೆ.

ನಮ್ಮೂರಲ್ಲಿ ಕುರಿ ಕಾಯುವವನ ಮೈ ಕುರಿಯ ವಾಸನೆ, ಗಾಣದವನ ಮೈ ಎಣ್ಣೆಯ ವಾಸನೆ. ಅದರಿಂದ ಯಾರಿಗೂ ತಲೆ ತಿರುಗಿದ್ದನ್ನು ನಾನು ಕೇಳಿಲ್ಲ. ಇಲ್ಲಿ ಬಸುವಿಗೆ ಊಟದ ಮುಂದೆ ಕೂತರೆ ತಲೆನೋವು, ಮಲಗಿದರೆ ಕೆಮ್ಮು, ಬೆರಳುಗಳೆಲ್ಲ ಬಿರಿದು ಬೆಳ್ಳಗೆ. ಸಾಲುಮನೆಗಳ ಚಾಳಿನ ಒಂದೇ ಖೋಲಿಯಲ್ಲಿ, ಅಂದರೆ ಒಂದೇ ಕೋಣೆಯಲ್ಲಿ, ನಮ್ಮ ಅಡಿಗೆ, ನಿದ್ದೆ, ಅವನ ಕೆಲಸದ ಅಂಗಿ ಎಲ್ಲವೂ. ಆ ಅಂಗಿಯನ್ನು ಬಸುರಿ ಹೆಂಗಸು ಒಗೆಯಬೇಕು.

"ಡಾಕ್ಟರಿಗೆ ತೋರ್ಸೋ," ಎಂದರೆ ಅವನದು ಒಂದೇ ಮಾತು: "ದಿನಾ ಸಂಜಿಗೆ ಸೇಠ ಬೆಲ್ಲಾ ಕೊಡ್ತಾನ. ಬೆಲ್ಲಾ ತಿಂದ್ರ ಎದಿಯಾಗಿಂದೆಲ್ಲಾ ತೊಳ್ಕೊಂಡ ಹೋಗತೈತಿ." ಸೇಠ ಎಂದರೆ ಗ್ಯಾರೇಜಿನ ಧಣಿ. ಬೆಲ್ಲ ತಿನ್ನುವ ಮೊದಲು ಇವರೆಲ್ಲ ಕೈಗೆ ಹತ್ತಿದ ಬಣ್ಣವನ್ನು ಥಿನ್ನರಿನಿಂದಲೇ ತೊಳೆಯುತ್ತಿದ್ದರಂತೆ!

ಧೂಳು ಕೂರಬಾರದೆಂದು ಬಣ್ಣ ಹೊಡೆಯುವ ಜಾಗಕ್ಕೆ ಸುತ್ತಲೂ ಪ್ಲಾಸ್ಟಿಕ್ ಕಟ್ಟಿದ್ದರು. ಮಳೆಗಾಲದ ಒಂದು ಮಧ್ಯಾಹ್ನ ಅದರೊಳಗೇ ಬಸು ಎಚ್ಚರ ತಪ್ಪಿ ಬಿದ್ದ. ಜೊತೆಯವರು ಹೊತ್ತೊಯ್ದು ಆಸ್ಪತ್ರೆಗೆ ಸೇರಿಸಿದರು. ನಾನೂ ಸವಿತಾಳೂ ರಿಕ್ಷಾದಲ್ಲಿ ಓಡಿದೆವು. ದಾರಿಯುದ್ದಕ್ಕೂ ಅವಳ ಹೊಟ್ಟೆಯ ಮೇಲೆ ನನ್ನ ಕೈ ಇತ್ತು.

ಎಚ್ಚರವಾದ ಮಗ ಡಾಕ್ಟರಮ್ಮನಿಗೂ ಬೆಲ್ಲದ ಕಥೆ ಹೇಳಿದ. ಅವರು ಹಿಂದಿಯಲ್ಲಿ ಏನೋ ಕೇಳಿದರು. ಸವಿತಾ ಅತ್ತುಕೊಂಡೇ ನಕ್ಕಳು.

"ಅತ್ತಿ, ಬೆಲ್ಲಾ ಹೊಟ್ಟಿಗೆ ಹೋಗತೈತಿ, ಥಿನ್ನರ್ ಫುಪ್ಪುಸಕ್ಕ ಹೋಗತೈತಿ, ಇವೆರಡೂ ಎಲ್ಲಿ ಭೆಟ್ಟಿ ಆಗ್ತಾವು ಅಂತ ಕೇಳ್ತಾರ."

ಆ ಗಾಳಿ ಉಸಿರಿನಿಂದಲೂ ತೊಗಲಿನಿಂದಲೂ ರಕ್ತಕ್ಕೆ ಇಳಿಯುತ್ತದಂತೆ. ತಲೆಗೆ, ಲಿವರಿಗೆ ಹಾನಿ. ಮೂಗಿಗೆ ಕಟ್ಟುವ ಕರ್ಚೀಪು ಅದನ್ನು ತಡೆಯುವುದಿಲ್ಲ. ಬಸುರಿ ಹೆಂಗಸು ಆ ಅಂಗಿ ಮುಟ್ಟಲೇಬಾರದು ಎಂದರು. ರಕ್ತ ತೆಗೆದುಕೊಂಡರು, ಸವಿತಾಳ ಹೊಟ್ಟೆಯನ್ನೂ ಮಶೀನಿನಲ್ಲಿ ನೋಡಿದರು. ಫಲಿತಾಂಶ ಬರುವವರೆಗೆ ಆಸ್ಪತ್ರೆಯ ಬಾಗಿಲಲ್ಲೇ ಕೂತೆ. ಬಂತು: ಕೂಸು ಚೆನ್ನಾಗಿದೆ. ಬಸುವಿನ ಲಿವರಿಗೆ ಸ್ವಲ್ಪ ಪೆಟ್ಟಾಗಿದೆ, ಆದರೆ ಈಗಲೇ ಥಿನ್ನರಿನಿಂದ ದೂರವಾದರೆ ಸುಧಾರಿಸುತ್ತದೆ. ಆಸ್ಪತ್ರೆಯ ಮೆಟ್ಟಿಲಿಗೇ ಹಣೆ ಹಚ್ಚಿದೆ, ಜನ ನೋಡಿದರೆ ನೋಡಲಿ!

ಕೆಲಸ ಹೋದೀತೆಂದು ಬಸು ಸುಮ್ಮನಿದ್ದ. ನಾನು ಸುಮ್ಮನಿರಲಿಲ್ಲ. ಮಾರ್ಕೆಟ್ಟಿನಲ್ಲಿ ಕಲಿತ ಹರಕು ಹಿಂದಿ ಹಿಡಿದು ಅವನ ಬೆನ್ನಿಗೇ ಗ್ಯಾರೇಜಿಗೆ ಹೋದೆ. "ಸೇಠ್, ಗುಡ್ ನಕೋ. ಪಂಖಾ ಲಗಾವ್, ಅಚ್ಛಾ ಮಾಸ್ಕ್ ಲಾವ್!" ಬೆಲ್ಲ ಬೇಡ, ಫ್ಯಾನು ಹಾಕು ಎಂದೆ.

ಸೇಠ ಮಗನ ಕಡೆ ತಿರುಗಿ, "ಅರೇ, ಯೇ ಆಯೀ ಹೈ ಯಾ ಇನ್ಸ್‌ಪೆಕ್ಟರ್?" ಎಂದ. ಇವಳು ಅವ್ವನೋ ಇನ್ಸ್‌ಪೆಕ್ಟರೋ ಎಂದು ಎಲ್ಲರೂ ನಕ್ಕರು. ಆದರೆ ಒಬ್ಬ ಬಿದ್ದದ್ದನ್ನು ಅವನೂ ಕಣ್ಣಾರೆ ಕಂಡಿದ್ದ. ಗಾಳಿ ಹೊರಗೆಳೆಯುವ ದೊಡ್ಡ ಫ್ಯಾನು ಬಂತು, ಡಬ್ಬಿಯಂಥ ಮಾಸ್ಕು, ಕೈಗವಸು ಬಂದವು. ಬಸು ಈಗ ಬಣ್ಣ ಬಿಟ್ಟು ತಗಡು ಬಡಿಯುವ ಕೆಲಸಕ್ಕೆ ನಿಂತಿದ್ದಾನೆ. ಅಲ್ಲೇ ಸೋಪಿನಲ್ಲಿ ತೊಳೆದುಕೊಂಡು, ಅಂಗಿ ಬದಲಿಸಿ ಮನೆಗೆ ಬರುತ್ತಾನೆ.

ಮೊಮ್ಮಗಳು ಹುಟ್ಟಿದಳು! ಏನು ಅಳು, ಏನು ಗಂಟಲು, ಚಾಳಿಗೆ ಚಾಳೇ ಎದ್ದಿತು. ತೊಟ್ಟಿಲಿಗೆ ಹಾಕುವ ಕಾರ್ಯ ಊರಿನಲ್ಲೇ ಆಗಬೇಕೆಂದು ಅಲ್ಲಿರುವ ನನ್ನ ಅಕ್ಕ ಹಟ ಹಿಡಿದಳು. ಬಸುವಿನ ತಪಾಸಣೆ ಇನ್ನೂ ನಡೆದಿತ್ತು, ಅದಕ್ಕೇ ಇಲ್ಲೇ ಮಾಡಿದೆವು. ಪಕ್ಕದ ಖೋಲಿಯ ಹೆಂಗಸು, ನಾವೆಲ್ಲ ಮಾವಶಿ ಅಂದರೆ ಚಿಕ್ಕಮ್ಮ ಎಂದು ಕರೆಯುವವರು, ಮರಾಠಿಯಲ್ಲಿ ತೊಟ್ಟಿಲ ಹಾಡು ಹಾಡಿದರು. ಅಕ್ಕ ಫೋನಿನಲ್ಲೇ ನಮ್ಮ ಜೋಗುಳ ಎತ್ತಿದಳು. ತೊಟ್ಟಿಲು ತೂಗುತ್ತ ಬಸುವೂ ದನಿ ಸೇರಿಸಿದ, ಒಂದು ಸಲವೂ ಕೆಮ್ಮಲಿಲ್ಲ.

ಹಾಡು ಮುಗಿದ ಮೇಲೆ ಅಕ್ಕ ಕೇಳಿದಳು, "ಮನಿಗಿ ಯಾವಾಗ ಬರ್ತೀಯ?"

"ಮನ್ಯಾಗ ಅದೀನಲ್ಲಬೇ," ಎಂದುಬಿಟ್ಟೆ. ಸೊಂಟಕ್ಕೆ ಸಿಕ್ಕಿಸಿದ್ದ ಊರ ಮನೆಯ ಕೀಲಿ ನನಗೆ ಒತ್ತಿತು. ಒತ್ತಲಿ ಎಂದು ಹಾಗೇ ಬಿಟ್ಟೆ.